ಹಳೆಯ ಲಘು ವಿಮಾನಗಳ ಪ್ಯಾನೆಲ್ ದೀಪಗಳು: ಪದೇ ಪದೇ ಕೇಳುವ ಪ್ರಶ್ನೆಗಳು

1960ರಿಂದ 80ರ ದಶಕದವರೆಗೆ ತಯಾರಾದ ಸೆಸ್ನಾ, ಪೈಪರ್, ಬೀಚ್‌ಕ್ರಾಫ್ಟ್, ಮೂನಿಯಂಥ ಒಂದೇ ಎಂಜಿನ್‌ನ ವಿಮಾನಗಳನ್ನು ಮನಸ್ಸಿನಲ್ಲಿಟ್ಟು ಬರೆದ ಉತ್ತರಗಳಿವು. ವೈರಿಂಗ್ ಮಾದರಿಯಿಂದ ಮಾದರಿಗೆ, ಕೆಲವೊಮ್ಮೆ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ನಿಮ್ಮ ಸೀರಿಯಲ್ ಸಂಖ್ಯೆಗೆ ಹೊಂದುವ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ಪ್ಯಾನೆಲ್ ಎಂದರೆ ಪೈಲಟ್ ಮುಂದೆ ಮೀಟರ್‌ಗಳನ್ನು ಕೂರಿಸಿರುವ ಹಲಗೆ.

ನನ್ನ ವಿಮಾನದಲ್ಲಿರುವುದು ಯಾವ ಬಗೆಯ ದೀಪ ಎಂದು ಗುರುತಿಸುವುದು ಹೇಗೆ?

ಚಾವಣಿಯಿಂದ ಇಡೀ ಪ್ಯಾನೆಲ್ ಮೇಲೆ ಬೆಳಕು ಚೆಲ್ಲಿದರೆ ಅದು ಫ್ಲಡ್ ಲೈಟ್, ಸಾಮಾನ್ಯವಾಗಿ ಕೆಂಪು. ಮೀಟರ್‌ಗಳ ನಡುನಡುವೆ ಅಣಬೆಯಂತೆ ಎದ್ದು ನಿಂತು, ಟೋಪಿಯ ಕೆಳಗಿನಿಂದ ಬೆಳಕು ಬಿಡುವವು ಪೋಸ್ಟ್ ಲೈಟ್‌ಗಳು. ಮೀಟರಿನ ಅಂಚಿಗೆ ಹುಬ್ಬಿನಂತೆ ಅಂಟಿಕೊಂಡಿದ್ದರೆ ಐಬ್ರೋ ಲೈಟ್. ಬಲ್ಬೇ ಕಾಣದೆ ಸ್ವಿಚ್ಚು, ಸರ್ಕ್ಯೂಟ್ ಬ್ರೇಕರ್‌ಗಳ ಹೆಸರಿನ ಅಕ್ಷರಗಳಷ್ಟೇ ನೀಲಿಹಸಿರಾಗಿ ಹೊಳೆಯುತ್ತಿದ್ದರೆ ಅದು ಎಲೆಕ್ಟ್ರೋಲ್ಯೂಮಿನಸೆಂಟ್ ಫಲಕ. ಇದನ್ನು ಇಲ್ಲಿ ಇಎಲ್ ಎಂದು ಕರೆದಿದ್ದೇವೆ. ಇವುಗಳ ಜೊತೆಗೆ ಮೀಟರಿನ ಒಳಗೇ ಬಲ್ಬಿರುವುದೂ ಉಂಟು. ಒಂದೇ ವಿಮಾನದಲ್ಲಿ ಮೂರು ಬಗೆ ಇದ್ದರೆ ಅಚ್ಚರಿಯಿಲ್ಲ. ಆದರೆ ಬೆಳಕು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಗುಬ್ಬಿಗಳಲ್ಲಿ ಯಾವುದು ಯಾವ ಗುಂಪನ್ನು ನಿಯಂತ್ರಿಸುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೆಲಸ ಶುರು ಮಾಡುವ ಮೊದಲು ಏನು ಮಾಡಬೇಕು?

ಮಾಸ್ಟರ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಉಂಗುರ, ಗಡಿಯಾರ ತೆಗೆದಿಡಿ. ಬಲ್ಬು ತಾನೇ ಎಂದು ಕರೆಂಟ್ ಇರುವಾಗಲೇ ಕೈಹಾಕುವವರು ಬಹಳ. ಪೋಸ್ಟ್ ಲೈಟಿನ ಮಧ್ಯದ ಸಂಪರ್ಕಕ್ಕೆ ಸ್ಕ್ರೂಡ್ರೈವರ್ ತಗಲಿ ಅದರ ಮೈ ಪ್ಯಾನೆಲ್‌ಗೆ ಮುಟ್ಟಿದರೆ ಡಿಮ್ಮರಿನ (ಗುಬ್ಬಿಯ ಹಿಂದಿರುವ, ಬೆಳಕು ಮಂದ ಮಾಡುವ ಸಾಧನ) ಟ್ರಾನ್ಸಿಸ್ಟರ್ ಆ ಕ್ಷಣವೇ ಸಾಯುತ್ತದೆ. ಬ್ರೇಕರ್ ಬೀಳುವಷ್ಟೂ ಸಮಯ ಸಿಗುವುದಿಲ್ಲ. ಒಂದು ಬಲ್ಬು ಬದಲಿಸಲು ಹೋಗಿ ಎಲ್ಲ ದೀಪ ಕಳೆದುಕೊಳ್ಳುವುದು ಹೀಗೆ.

ಪ್ಯಾನೆಲ್ ಹಿಂದೆ ಕೈ ಹೋಗಬೇಕಾದರೆ ವೇಗ, ಎತ್ತರದ ಮೀಟರ್‌ಗಳಿಗೆ ಗಾಳಿಯ ಒತ್ತಡ ತರುವ ಪಿಟೋ ಮತ್ತು ಸ್ಟ್ಯಾಟಿಕ್ ಕೊಳವೆಗಳನ್ನು ಎಳೆಯದಂತೆ ಎಚ್ಚರ ವಹಿಸಿ. ಅವುಗಳಲ್ಲಿ ಯಾವುದಾದರೂ ಕೀಲು ಸಡಿಲವಾದರೆ ಅಥವಾ ಬಿಚ್ಚಿದರೆ ಸೋರಿಕೆ ಪರೀಕ್ಷೆ ಮಾಡದೆ ಹಾರುವಂತಿಲ್ಲ.

ಎಲ್ಲ ದೀಪಗಳೂ ಒಟ್ಟಿಗೆ ಹೋಗಿವೆ. ಎಲ್ಲಿಂದ ಹುಡುಕಬೇಕು?

ಹತ್ತು ಬಲ್ಬು ಒಂದೇ ರಾತ್ರಿ ಸುಟ್ಟುಹೋಗುವುದಿಲ್ಲ. ಹಾಗಾಗಿ ಬಲ್ಬಿನ ಯೋಚನೆ ಬಿಟ್ಟು, ಅಳೆಯುವಷ್ಟು ಹೊತ್ತು ಬ್ಯಾಟರಿ ಜೋಡಿಸಿ ಮಾಸ್ಟರ್ ಹಾಕಿ, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೇ ಹಿಡಿದು ಬಸ್‌ನಿಂದ (ಎಲ್ಲ ಉಪಕರಣಗಳಿಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಮುಂದಕ್ಕೆ ಅಳೆಯುತ್ತ ಹೋಗಿ: ಬ್ರೇಕರ್ ಅಥವಾ ಫ್ಯೂಸಿನ ಎರಡೂ ಬದಿ, ಡಿಮ್ಮರಿನ ಒಳಬದಿ, ಡಿಮ್ಮರಿನ ಹೊರಬದಿ, ಕೊನೆಗೆ ದೀಪದ ಹೋಲ್ಡರ್. ವೋಲ್ಟೇಜ್ ಎಲ್ಲಿ ಮಾಯವಾಯಿತೋ ಅದರ ಹಿಂದಿನ ಹೆಜ್ಜೆಯಲ್ಲೇ ದೋಷವಿದೆ.

ಹೋಲ್ಡರ್‌ವರೆಗೂ ವೋಲ್ಟೇಜ್ ಬಂದಿದೆ, ಆದರೂ ಕತ್ತಲೆ ಎಂದಾದರೆ ಗ್ರೌಂಡ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಹೋಗಿದೆ. ಮೀಟರ್‌ಗಳಿರುವ ಪ್ಯಾನೆಲನ್ನು ಕಂಪನದಿಂದ ಉಳಿಸಲು ಹಲವು ವಿಮಾನಗಳಲ್ಲಿ ರಬ್ಬರ್ ಮೌಂಟ್‌ಗಳ ಮೇಲೆ ಕೂರಿಸಿರುತ್ತಾರೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ, ಅದಕ್ಕಾಗಿ ಪ್ಯಾನೆಲ್‌ನಿಂದ ವಿಮಾನದ ಚೌಕಟ್ಟಿಗೆ ತಾಮ್ರದ ಹೆಣೆದ ಪಟ್ಟಿಯೊಂದು ಇರುತ್ತದೆ. ಐವತ್ತು ವರ್ಷ ಅಲುಗಾಡಿದ ಪಟ್ಟಿಯ ಎಳೆಗಳು ಕ್ಲಿಪ್ಪಿನ ಬುಡದಲ್ಲಿ ಒಂದೊಂದಾಗಿ ಹರಿದು, ಕೊನೆಗೆ ನಾಲ್ಕೈದು ಎಳೆ ಉಳಿದಿರುತ್ತವೆ. ಅವೂ ಹರಿದರೆ ಪ್ಯಾನೆಲನ್ನೇ ಗ್ರೌಂಡ್ ಮಾಡಿಕೊಂಡ ಎಲ್ಲ ದೀಪಗಳೂ ಆರುತ್ತವೆ. ಕೆಲವೊಮ್ಮೆ ಪೂರ್ತಿ ಆರದೆ ಮಂಕಾಗುತ್ತವೆ, ಏಕೆಂದರೆ ಕರೆಂಟು ಯಾವುದೋ ಮೀಟರಿನ ಕೊಳವೆ, ಕೇಬಲ್ ಮೈಗಳ ಮೂಲಕ ಕಳ್ಳದಾರಿ ಹಿಡಿದಿರುತ್ತದೆ. ಪ್ಯಾನೆಲನ್ನು ಕೈಯಿಂದ ಒತ್ತಿದಾಗ ಬೆಳಕು ಏರಿಳಿದರೆ ಬೇರೆ ಸಾಕ್ಷಿ ಬೇಡ.

ಹೊಸ ಪಟ್ಟಿ ಹಾಕುವಾಗ ಎರಡೂ ತುದಿಯಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ನಕ್ಷತ್ರದ ವಾಷರ್ ಇಟ್ಟು ಬಿಗಿ ಮಾಡಿ. ಪ್ಯಾನೆಲ್ ಆಡುವಷ್ಟು ಸಡಿಲ ಬಿಡಿ. ಬಿಗಿಯಾಗಿ ಎಳೆದು ಕಟ್ಟಿದರೆ ಇದೂ ಹರಿಯುತ್ತದೆ. ನಂತರ ಎಲ್ಲ ದೀಪ ಹಚ್ಚಿ ಪ್ಯಾನೆಲ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ವೋಲ್ಟೇಜ್ ಅಳೆಯಿರಿ. ಬಸ್‌ನಿಂದ ಉಪಕರಣದವರೆಗೆ ನಿರಂತರ ಲೋಡಿನಲ್ಲಿ 14 ವೋಲ್ಟ್ ವ್ಯವಸ್ಥೆಗೆ 0.5 ವೋಲ್ಟ್, 28 ವೋಲ್ಟಿಗೆ 1 ವೋಲ್ಟ್ ಇಳಿತ ಸಹ್ಯ ಎಂಬುದು ವಾಡಿಕೆಯ ಮಿತಿ. ಗ್ರೌಂಡ್ ಬದಿಯಲ್ಲಿ ಇಷ್ಟು ಕಂಡರೆ ಅದು ಆಗಲೇ ಹೆಚ್ಚಾಯಿತು. ಅಲ್ಲಿ ಕೆಲವು ಮಿಲಿವೋಲ್ಟಷ್ಟೇ ಇರಬೇಕು.

ಒಂದೇ ಒಂದು ದೀಪ ಹತ್ತುತ್ತಿಲ್ಲ. ಹೊಸ ಬಲ್ಬು ಹಾಕಿದರೂ ಅಷ್ಟೇ.

ಪಕ್ಕದ ಉರಿಯುವ ದೀಪದ ಬಲ್ಬನ್ನೇ ಇಲ್ಲಿ ಹಾಕಿ ನೋಡಿ, ಹೊಸ ಬಲ್ಬು ಕೆಟ್ಟಿರುವುದೂ ಉಂಟು. ಆಗಲೂ ಹತ್ತದಿದ್ದರೆ ಹೋಲ್ಡರಿನ ತಳದ ಸ್ಪ್ರಿಂಗ್ ಸಂಪರ್ಕ ಕಪ್ಪಾಗಿದೆಯೇ, ಒಳಗೆ ಕುಸಿದಿದೆಯೇ ನೋಡಿ. ಬೆಂಕಿಕಡ್ಡಿಯ ತುದಿಗೆ ಪೆನ್ಸಿಲ್ ರಬ್ಬರಿನ ಚೂರು ಅಂಟಿಸಿ ಒಳಗೆ ತಿರುಗಿಸಿದರೆ ಕಪ್ಪು ಹೋಗುತ್ತದೆ. ಬಳಿಕ ಪ್ಲಾಸ್ಟಿಕ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರನ್ನು ಹತ್ತಿಯಲ್ಲಿ ಅದ್ದಿ ಒರೆಸಿ. ನೇರ ಸಿಂಪಡಿಸಬೇಡಿ, ಅದು ಮೀಟರ್ ಗಾಜಿನ ಅಂಚಿನೊಳಗೆ ಇಳಿದರೆ ಹೊಸ ತಲೆನೋವು. ಅಸಿಟೋನ್, ಅಮೋನಿಯಾ ಇರುವ ಕ್ಲೀನರ್‌ಗಳನ್ನು ಹತ್ತಿರವೂ ತರಬೇಡಿ, ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕು ಬೀಳುತ್ತವೆ.

ಪೋಸ್ಟ್ ಲೈಟಿನ ನಟ್ಟಿನ ಕೆಳಗೆ ಯಾರೋ ಪ್ಯಾನೆಲಿಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲೂ ಗ್ರೌಂಡ್ ಕಡಿದಿರುತ್ತದೆ. ಸುಂದರವಾಗಿ ಬಣ್ಣ ಹೊಡೆಸಿದ ಮೇಲೆ ದೀಪ ಹೋಯಿತು ಎನ್ನುವ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಯಾವ ಬಲ್ಬು ಕೊಳ್ಳಬೇಕು?

ಪೋಸ್ಟ್ ಲೈಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ. 14 ವೋಲ್ಟ್ ವಿಮಾನಕ್ಕೆ 330, ಇದು 0.08 ಆಂಪ್ ಎಳೆಯುತ್ತದೆ. 28 ವೋಲ್ಟಿಗೆ 327, ಇದು 0.04 ಆಂಪ್. ಎರಡೂ ಟಿ-1¾ ಗಾತ್ರದ, ಬುಡದಲ್ಲಿ ಅಂಚುಪಟ್ಟಿ ಇರುವ ಬಲ್ಬುಗಳು. ಹೊರಗಿನಿಂದ ಅವಳಿಜವಳಿ, ಕಣ್ಣಲ್ಲಿ ನೋಡಿ ಹೇಳುವಂತಿಲ್ಲ. 28 ವೋಲ್ಟಿನದನ್ನು 14ರಲ್ಲಿ ಹಾಕಿದರೆ ಕೆಂಡದಂತೆ ಮಂಕು ಬೆಳಕು. 14ರದನ್ನು 28ರಲ್ಲಿ ಹಾಕಿದರೆ ಒಂದು ಮಿಂಚು, ಅಷ್ಟೇ. ಒಂದೇ ಮಾದರಿಯ ವಿಮಾನದಲ್ಲೂ ತಯಾರಿಕೆಯ ವರ್ಷಕ್ಕೆ ತಕ್ಕಂತೆ ವೋಲ್ಟೇಜ್ ಬೇರೆಯಿರಬಹುದು. ಸೆಸ್ನಾ 172 1978ರ ಮಾದರಿಯಿಂದ 28 ವೋಲ್ಟಿಗೆ ಬದಲಾಯಿತು. ದಿಕ್ಸೂಚಿ, ಚಾವಣಿ, ರೇಡಿಯೋಗಳ ಬಲ್ಬು ಬೇರೆಯೇ. ಅವನ್ನು ಪಾರ್ಟ್ಸ್ ಕ್ಯಾಟಲಾಗಿನಿಂದಲೇ ಖಚಿತಪಡಿಸಿಕೊಳ್ಳಿ.

ಗಾತ್ರ ಹೊಂದಿತು ಎಂದು ಹೆಚ್ಚು ವ್ಯಾಟಿನ ಕಾರಿನ ಬಲ್ಬು ತುರುಕಬೇಡಿ. ಟೋಪಿ ಕರಗುತ್ತದೆ, ಕೆಂಪು ಫಿಲ್ಟರ್ ಕಂದಾಗಿ ಸುರುಟುತ್ತದೆ.

ಬಲ್ಬು ಬೇಗ ಬೇಗ ಹೋಗುತ್ತಿದೆ.

ವೋಲ್ಟೇಜ್ ರೆಗ್ಯುಲೇಟರ್ ನೋಡಿ. ಫಿಲಮೆಂಟ್ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು ಹನ್ನೆರಡನೇ ಘಾತಕ್ಕೆ ತಿರುಗುಮುರುಗಾಗಿ ಬದಲಾಗುತ್ತದೆ. ವೋಲ್ಟೇಜ್ 5 ಶೇಕಡಾ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 5 ಶೇಕಡಾ ಇಳಿಸಿದರೆ ಬೆಳಕು ಆರನೇ ಒಂದರಷ್ಟು ಕಡಿಮೆಯಾಗಿ ಆಯಸ್ಸು ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಗುಬ್ಬಿಯನ್ನು ಪೂರ್ತಿ ತಿರುಗಿಸಿಟ್ಟೇ ದೀಪ ಹಾಕುವ ಅಭ್ಯಾಸವೂ ಕಾರಣ: ತಣ್ಣಗಿನ ಫಿಲಮೆಂಟಿನ ರೋಧ ಬಿಸಿಯಾದಾಗಿನ ಸುಮಾರು ಹತ್ತನೇ ಒಂದು, ಆದ್ದರಿಂದ ಮೊದಲ ಕ್ಷಣದಲ್ಲಿ ಹತ್ತು ಪಟ್ಟು ಕರೆಂಟ್ ನುಗ್ಗುತ್ತದೆ. ಕೆಳಗಿನಿಂದ ನಿಧಾನವಾಗಿ ಏರಿಸಿ.

ಬಲ್ಬು ಆಳದಲ್ಲಿದೆ, ಬೆರಳಿಗೆ ಸಿಗುತ್ತಿಲ್ಲ.

ಇಕ್ಕಳ ಹಾಕಬೇಡಿ, ಗಾಜು ಒಡೆದು ಬುಡ ಒಳಗೇ ಉಳಿಯುತ್ತದೆ. ಟಿ-1¾ ಎಂದರೆ ಇಂಚಿನ ಎಂಟನೇ ಒಂದರ 1¾ ಪಟ್ಟು, ಅಂದರೆ ಸುಮಾರು 5.6 ಮಿ.ಮೀ. ವ್ಯಾಸ. 5 ಮಿ.ಮೀ. ಒಳವ್ಯಾಸದ ಸಿಲಿಕೋನ್ ಕೊಳವೆಯ ಬೆರಳುದ್ದದ ತುಂಡನ್ನು ಬಲ್ಬಿನ ತಲೆಗೆ ಒತ್ತಿ ಹಿಡಿದು ನೇರ ಎಳೆದರೆ ಬಲ್ಬು ಕಚ್ಚಿಕೊಂಡು ಬರುತ್ತದೆ. ಹೊಸದನ್ನು ಕೂರಿಸಲೂ ಅದೇ ಕೊಳವೆ. ಟೋಪಿಯನ್ನೂ ಓರೆ ಮಾಡದೆ ಎಳೆಯಿರಿ. ಹಳೆಯ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಎರಡು ಟೋಪಿ ಹೆಚ್ಚಿಗೆ ತರಿಸಿಟ್ಟುಕೊಂಡೇ ಕೈಹಾಕುವುದು ಜಾಣತನ.

ದೀಪಗಳು ಪೂರ್ತಿ ಉರಿಯುತ್ತವೆ, ಮಂದ ಮಾಡಲಾಗುತ್ತಿಲ್ಲ. ಡಿಮ್ಮರ್ ರಿಪೇರಿ ಸಾಧ್ಯವೇ?

ಎಷ್ಟೋ ಸಲ ಸಾಧ್ಯ. ತೀರಾ ಹಳೆಯವು ತಂತಿ ಸುತ್ತಿದ ರಿಯೋಸ್ಟಾಟ್‌ಗಳು. ಅವುಗಳಲ್ಲಿ ತಂತಿ ಕಡಿದರೆ ಬದಲಿಸಬೇಕು, ಧೂಳು ಕೂತು ಮಿಣಮಿಣ ಎಂದರೆ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ಈಚೆಗಾಚೆಗೆ ತಿರುಗಿಸಿದರೆ ಸಾಕು. ಆಮೇಲೆ ಬಂದವುಗಳಲ್ಲಿ ಗುಬ್ಬಿಗೆ ಸಣ್ಣ ಪೊಟೆನ್ಶಿಯೋಮೀಟರ್, ಹಿಂದೆ ಎಲ್ಲೋ ಲೋಹದ ತಗಡಿನ ಮೇಲೆ ಪವರ್ ಟ್ರಾನ್ಸಿಸ್ಟರ್. 2ಎನ್3055 ಎಂಬ ಲೋಹದ ಡಬ್ಬಿಯ ಟ್ರಾನ್ಸಿಸ್ಟರ್ ಅಥವಾ ಅದರ ಸಂಬಂಧಿಕರು ಇಲ್ಲಿ ಹೆಚ್ಚು. ಟ್ರಾನ್ಸಿಸ್ಟರಿನ ಮೂರು ಸಂಪರ್ಕಗಳಲ್ಲಿ ಕಲೆಕ್ಟರಿಗೆ ಬಸ್ ವೋಲ್ಟೇಜ್, ಬೇಸಿಗೆ ಗುಬ್ಬಿಯಿಂದ ಬರುವ ವೋಲ್ಟೇಜ್, ಎಮಿಟರಿನಿಂದ ದೀಪಗಳಿಗೆ.

ಪರೀಕ್ಷಿಸುವಾಗ ಕನಿಷ್ಠ ಒಂದು ಒಳ್ಳೆಯ ಬಲ್ಬು ಸರ್ಕ್ಯೂಟಿನಲ್ಲಿರಲಿ. ಲೋಡಿಲ್ಲದೆ ಎಮಿಟರಿನಲ್ಲಿ ಸಿಗುವ ಅಂಕಿ ನಂಬುವಂಥದ್ದಲ್ಲ. ಗುಬ್ಬಿ ತಿರುಗಿಸಿದಂತೆ ಬೇಸಿನ ವೋಲ್ಟೇಜ್ ಏರಿಳಿಯಬೇಕು, ಎಮಿಟರ್ ಅದಕ್ಕಿಂತ ಸುಮಾರು 0.7 ವೋಲ್ಟ್ ಕೆಳಗೆ ಹಿಂಬಾಲಿಸಬೇಕು. ಬೇಸು ಏರಿಳಿದರೂ ಎಮಿಟರ್ ಬಸ್ ವೋಲ್ಟೇಜಿನಲ್ಲೇ ನಿಂತಿದ್ದರೆ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ನಿಮ್ಮ ದೂರು ಇದೇ. ಎಮಿಟರ್ ಸೊನ್ನೆಯಲ್ಲಿದ್ದರೆ ಓಪನ್ ಆಗಿದೆ. ಬೇಸೇ ಅಲುಗಾಡದಿದ್ದರೆ ಟ್ರಾನ್ಸಿಸ್ಟರ್ ಮೇಲೆ ತಪ್ಪು ಹೊರಿಸಬೇಡಿ, ಪೊಟೆನ್ಶಿಯೋಮೀಟರ್ ಅಥವಾ ಅದರ ತಂತಿ ಹೋಗಿದೆ. ಎಲ್ಲ ಡಿಮ್ಮರ್‌ಗಳ ಜೋಡಣೆ ಹೀಗೇ ಇರುವುದಿಲ್ಲ, ನಿಮ್ಮ ನಕ್ಷೆಯೊಂದಿಗೆ ತಾಳೆ ನೋಡಿ.

ಬದಲಿಸುವಾಗ ಎಡವುವ ಜಾಗ ಒಂದಿದೆ. ಈ ಟ್ರಾನ್ಸಿಸ್ಟರಿನ ಡಬ್ಬಿಯೇ ಕಲೆಕ್ಟರ್, ಅಂದರೆ ಅದರ ಮೈತುಂಬ ಬಸ್ ವೋಲ್ಟೇಜ್. ತಗಡು ಮಾತ್ರ ಗ್ರೌಂಡಿನಲ್ಲಿರುತ್ತದೆ. ಎರಡರ ನಡುವೆ ಕಾಗದದಷ್ಟು ತೆಳ್ಳಗಿನ ಅಭ್ರಕದ ಹಾಳೆ, ಸ್ಕ್ರೂಗಳಿಗೆ ಪ್ಲಾಸ್ಟಿಕ್ ಬುಷ್ ಇರಲೇಬೇಕು. ರಂಧ್ರದ ಅಂಚಿನಲ್ಲಿ ಉಳಿದ ಲೋಹದ ಮುಳ್ಳೊಂದು ಅಭ್ರಕವನ್ನು ಚುಚ್ಚಿದರೂ ಮಾಸ್ಟರ್ ಹಾಕಿದ ತಕ್ಷಣ ಬ್ರೇಕರ್ ಬೀಳುತ್ತದೆ. ತಗಡಿನ ಅಂಚನ್ನು ನಯಗೊಳಿಸಿ, ಅಭ್ರಕದ ಎರಡೂ ಬದಿಗೆ ಶಾಖ ಸಾಗಿಸುವ ಪೇಸ್ಟನ್ನು ತೆಳ್ಳಗೆ ಸವರಿ, ಸ್ಕ್ರೂ ಬಿಗಿದ ಮೇಲೆ ಡಬ್ಬಿಗೂ ತಗಡಿಗೂ ನಡುವೆ ಮೀಟರ್ ಹಿಡಿದು ಸಂಪರ್ಕವಿಲ್ಲ ಎಂದು ನೋಡಿಕೊಂಡೇ ಬ್ಯಾಟರಿ ಜೋಡಿಸಿ.

ಡಿಮ್ಮರ್ ಬಿಸಿಯಾಗುತ್ತದೆ. ಅಪಾಯವೇ?

ಬೆಚ್ಚಗಾಗುವುದು ಸಹಜ. 330ರ ಹತ್ತು ಬಲ್ಬು ಸೇರಿ 0.8 ಆಂಪ್, ಸುಮಾರು 11 ವ್ಯಾಟ್. ದೀಪಗಳಿಗೆ ಅರ್ಧ ವೋಲ್ಟೇಜ್ ಹೋಗುವಾಗ ಟ್ರಾನ್ಸಿಸ್ಟರೇ 3 ವ್ಯಾಟಿನ ಮೇಲೆ ಶಾಖವಾಗಿ ಬಿಡುತ್ತದೆ. ಪೂರ್ತಿ ಬೆಳಕಿಗಿಂತ ನಡುಮಟ್ಟದಲ್ಲೇ ಹೆಚ್ಚು ಬಿಸಿ ಎನ್ನುವುದು ಹಲವರಿಗೆ ವಿಚಿತ್ರ ಎನಿಸುತ್ತದೆ, ಆದರೆ ಸರಿಯಾದ ಲಕ್ಷಣವೇ. ಕೈ ಇಡಲಾಗದಷ್ಟು ಸುಟ್ಟರೆ ಮಾತ್ರ ಪೇಸ್ಟ್ ಒಣಗಿದೆ ಅಥವಾ ಯಾರೋ ಅದೇ ಡಿಮ್ಮರಿಗೆ ಹೆಚ್ಚುವರಿ ದೀಪ ಕಟ್ಟಿದ್ದಾರೆ.

ಇಎಲ್ ಫಲಕ ಮಂಕಾಗಿದೆ. ಸರಿ ಮಾಡಬಹುದೇ?

ಫಲಕವನ್ನು ಮಾಡಲಾಗದು. ಅದು ಫಾಸ್ಫರ್ ತುಂಬಿದ ಚಪ್ಪಟೆ ಕೆಪಾಸಿಟರ್ ಇದ್ದಂತೆ. ಉರಿದಷ್ಟೂ ಫಾಸ್ಫರ್ ಸವೆಯುತ್ತದೆ, ತೇವ ಹೊಕ್ಕರೆ ಅಂಚಿನಿಂದ ಕಪ್ಪು ಮಚ್ಚೆ ಹಬ್ಬುತ್ತದೆ. ಆದರೆ ಫಲಕ ಪೂರ್ತಿ ಆರಿದ್ದರೆ ಮೊದಲು ಅದರ ಪವರ್ ಪ್ಯಾಕ್ ನೋಡಿ. ಇಎಲ್‌ಗೆ ಬೇಕಾದದ್ದು ನೂರು ವೋಲ್ಟಿನ ಆಸುಪಾಸಿನ, ಕೆಲವು ನೂರು ಹರ್ಟ್ಸ್‌ನ ಎಸಿ. ಸಣ್ಣ ಇನ್ವರ್ಟರ್ ಅದನ್ನು ತಯಾರಿಸುತ್ತದೆ. ಪ್ಯಾಕ್ ಕೆಲಸ ಮಾಡುತ್ತಿದ್ದರೆ ಕಿವಿಗೊಟ್ಟಾಗ ಸಣ್ಣ ಕುಂಯ್ ಸದ್ದು ಕೇಳುತ್ತದೆ. ವಿಮಾನದಲ್ಲಿ ಎಲ್ಲವೂ 14 ವೋಲ್ಟ್ ಎಂಬ ಧೈರ್ಯದಲ್ಲಿ ಇದರ ತಂತಿ ಮುಟ್ಟಿದರೆ ಚೆನ್ನಾಗಿಯೇ ಹೊಡೆಯುತ್ತದೆ. ಫಲಕ ಕಳಚಿ ಪ್ಯಾಕನ್ನು ಖಾಲಿ ಓಡಿಸಬೇಡಿ. ಫಲಕಕ್ಕೆ ರಂಧ್ರ ಕೊರೆಯುವುದು, ಅಂಚು ಕತ್ತರಿಸುವುದು ಬೇಡವೇ ಬೇಡ.

ಎಲ್ಲವನ್ನೂ ಎಲ್‌ಇಡಿ ಮಾಡಿದರೆ ಹೇಗೆ?

ಕರೆಂಟ್ ಉಳಿತಾಯ, ಶಾಖವಿಲ್ಲ, ಆಯಸ್ಸು ಹೆಚ್ಚು, ಎಲ್ಲ ನಿಜ. ಆದರೆ ರಾತ್ರಿ ಹಾರಾಟದಲ್ಲಿ ದೀಪ ಎಷ್ಟು ಪ್ರಖರ ಎನ್ನುವುದಕ್ಕಿಂತ ಎಷ್ಟು ಮಂದವಾಗಬಲ್ಲದು ಎನ್ನುವುದೇ ಮುಖ್ಯ. ಎಲ್‌ಇಡಿ ಸೋಲುವುದು ಅಲ್ಲೇ. ಮೂರು ಬಿಳಿ ಎಲ್‌ಇಡಿ ಸಾಲಾಗಿರುವ 14 ವೋಲ್ಟಿನ ಬದಲಿ ಬಲ್ಬು 8 ವೋಲ್ಟಿನ ಆಸುಪಾಸಿನಲ್ಲೇ ಆರಿಬಿಡುತ್ತದೆ. ಗುಬ್ಬಿಯ ಕೆಳಗಿನ ಅರ್ಧ ಸತ್ತ ಜಾಗ, ಮೇಲಿನ ಅರ್ಧದಲ್ಲಿ ಕತ್ತಲೆಯಿಂದ ಕಣ್ಣುಕುಕ್ಕುವವರೆಗೆ ಜಿಗಿತ. ಒಳಗೇ ರೆಗ್ಯುಲೇಟರ್ ಇರುವ ಬಲ್ಬುಗಳಂತೂ ಮಂದವೇ ಆಗುವುದಿಲ್ಲ.

ಅರ್ಧ ಫಿಲಮೆಂಟ್, ಅರ್ಧ ಎಲ್‌ಇಡಿ ಬೆರೆಸಬೇಡಿ. ಒಂದೇ ಗುಬ್ಬಿಯಲ್ಲಿ ಎರಡೂ ಸಮನಾಗಿ ಇಳಿಯುವುದಿಲ್ಲ, ಏರ್‌ಸ್ಪೀಡ್ ಕಾಣಿಸಿ ಆಲ್ಟಿಮೀಟರ್ ಮಾಯವಾಗುತ್ತದೆ. ಬದಲಿಸುವುದಾದರೆ ಒಂದು ಡಿಮ್ಮರಿನ ಗುಂಪನ್ನು ಇಡಿಯಾಗಿ ಬದಲಿಸಿ, ಆಗಲೇ ಎಲ್‌ಇಡಿಗೆಂದೇ ಮಾಡಿದ ಡಿಮ್ಮರನ್ನೂ ಹಾಕಿ. ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುವ ಪಿಡಬ್ಲ್ಯೂಎಂ ಡಿಮ್ಮರ್ ಆದರೆ ಹೆಡ್‌ಸೆಟ್ಟಿನಲ್ಲಿ ಝೇಂಕಾರ, ರೇಡಿಯೋ ಕೇಂದ್ರದ ದಿಕ್ಕು ತೋರುವ ಎಡಿಎಫ್‌ನಲ್ಲಿ ಗೊಂದಲ ಬರಬಹುದು. ಅಂತಿಮವಾಗಿ ಬಿಗಿಯುವ ಮೊದಲೇ ಎಲ್ಲ ರೇಡಿಯೋ ಹಾಕಿ, ಗುಬ್ಬಿ ಪೂರ್ತಿ ತಿರುಗಿಸಿ ಕೇಳಿ. ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ ಎಂಬುದೂ ನೆನಪಿರಲಿ, ತಿರುಗಿ ಹಾಕಿದ್ದನ್ನು ಕೆಟ್ಟದ್ದೆಂದು ವಾಪಸು ಕಳಿಸುವವರಿದ್ದಾರೆ. ಬಣ್ಣ 2700ರಿಂದ 3000 ಕೆಲ್ವಿನ್‌ನ ಬೆಚ್ಚಗಿನ ಬಿಳಿ ಇರಲಿ.

ಕೆಂಪು ಬೆಳಕೇ ಒಳ್ಳೆಯದಲ್ಲವೇ?

ಕತ್ತಲೆಗೆ ಒಗ್ಗಿದ ಕಣ್ಣಿನ ರಾಡ್ ಕೋಶಗಳು ನೀಲಿಹಸಿರಿಗೆ, ಸುಮಾರು 507 ನ್ಯಾನೋಮೀಟರಿಗೆ ಹೆಚ್ಚು ಸ್ಪಂದಿಸುತ್ತವೆ. ಕೆಂಪನ್ನು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಣ್ಣು ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು. ಕೆಂಪಿನ ಲಾಭ ಇಷ್ಟು. ನಷ್ಟ ಎಂದರೆ ನಕ್ಷೆಯ ಕೆಂಪು, ನಸುಗೆಂಪು ಗೆರೆಗಳು, ಮೀಟರಿನ ಕೆಂಪು ಗೀಟು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಒಲವು ಮೀಟರ್‌ಗಳಿಗೆ ಬಹಳ ಮಂದವಾಗಬಲ್ಲ ಬೆಚ್ಚಗಿನ ಬಿಳಿ, ಚಾವಣಿಯಲ್ಲಿ ಆಪತ್ತಿಗೆಂದು ಕೆಂಪು ಫ್ಲಡ್.

ದಿಕ್ಸೂಚಿಯ ಬಲ್ಬು ಬದಲಿಸುವಾಗ ವಿಶೇಷ ಎಚ್ಚರ ಬೇಕೇ?

ಬೇಕು. ಒಂಟಿ ತಂತಿಯಲ್ಲಿ ಕರೆಂಟ್ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟಿ ದಿಕ್ಸೂಚಿ ವಾಲುತ್ತದೆ. ಆದ್ದರಿಂದ ಹೋಗುವ, ಬರುವ ತಂತಿಗಳೆರಡನ್ನೂ ಹೆಣೆದಂತೆ ತಿರುಚಿ ತರಬೇಕು, ಗ್ರೌಂಡನ್ನು ಪಕ್ಕದ ಚೌಕಟ್ಟಿನಲ್ಲೇ ಮುಗಿಸಬಾರದು. ಸ್ಕ್ರೂ ಹಿತ್ತಾಳೆಯದ್ದೇ ಇರಲಿ. ಕೆಲಸ ಮುಗಿದ ಮೇಲೆ ದೀಪ ಹಾಕಿ, ಆರಿಸಿ ಸೂಚಿ ಅಲುಗಾಡುತ್ತದೆಯೇ ನೋಡಿ. ಅಲುಗಿದರೆ ತಂತಿ ಸರಿಪಡಿಸಿ, ಆಮೇಲೆ ಹೊಸದಾಗಿ ಸ್ವಿಂಗ್ ಮಾಡಿ (ವಿಮಾನವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ದಿಕ್ಸೂಚಿಯ ತಪ್ಪು ಅಳೆದು) ಆ ತಪ್ಪುಗಳ ಪಟ್ಟಿಯಾದ ಡೀವಿಯೇಶನ್ ಕಾರ್ಡ್ ಬರೆಯಿರಿ.

ಹಳೆಯ ಮೀಟರಿನ ಅಂಕಿಗಳು ಮೊದಲು ತಾವೇ ಹೊಳೆಯುತ್ತಿದ್ದವಂತೆ. ಮತ್ತೆ ಬಣ್ಣ ಬಳಿಯಬಹುದೇ?

ಬಿಚ್ಚಲೇಬೇಡಿ. ಅದು ರೇಡಿಯಂ ಇರಬಹುದು. ಹೊಳಪು ಹೋಗಿದ್ದು ಫಾಸ್ಫರ್ ಸವೆದದ್ದರಿಂದ. ರೇಡಿಯಂ-226ರ ಅರ್ಧಾಯುಷ್ಯ 1600 ವರ್ಷ, ಅದು ಮೊದಲಿನಷ್ಟೇ ಜೀವಂತವಾಗಿದೆ. ಗಾಜಿನ ಹಿಂದೆ ಮುಚ್ಚಿರುವಾಗ ಅಷ್ಟಾಗಿ ಇರದ ಅಪಾಯ ಕೆರೆದಾಗ ಏಳುವ ಪುಡಿ ಉಸಿರಿಗೆ ಹೋದರೆ ಇದೆ. ರೇಡಿಯಂ ನಿಭಾಯಿಸಲು ಪರವಾನಗಿ ಇರುವ ಮೀಟರ್ ರಿಪೇರಿ ಶಾಪಿಗೆ ಮಾತ್ರ ಕೊಡಿ.

ಪೈಪರ್ ಆ್ಯರೋದಲ್ಲಿ ಲ್ಯಾಂಡಿಂಗ್ ಗೇರಿನ (ಇಳಿಯುವ ಚಕ್ರಗಳ) ಹಸಿರು ದೀಪಗಳು ಹಗಲಲ್ಲಿ ಹತ್ತುತ್ತಿಲ್ಲ. ಇದೂ ಪ್ಯಾನೆಲ್ ದೀಪದ ದೋಷವೇ?

ಹೆಚ್ಚಾಗಿ ದೋಷವೇ ಅಲ್ಲ, ಪ್ಯಾನೆಲ್ ದೀಪದ ಗುಬ್ಬಿ ಆನ್ ಆಗಿರುತ್ತದೆ. ಅದು ಆನ್ ಆದಾಗ ಗೇರಿನ ದೀಪಗಳೂ ರಾತ್ರಿಗೆಂದು ತಾವಾಗಿ ಮಂದವಾಗುತ್ತವೆ, ಬಿಸಿಲಲ್ಲಿ ಕಾಣುವುದೇ ಇಲ್ಲ. ಗುಬ್ಬಿ ಆಫ್ ಮಾಡಿ ನೋಡಿ. ಮೂರರಲ್ಲಿ ಒಂದೇ ಹತ್ತದಿದ್ದರೆ ಪಕ್ಕದ ದೀಪವನ್ನು ಕಿತ್ತು ಅಲ್ಲಿ ಹಾಕಿ ಪರೀಕ್ಷಿಸಬಹುದು.

ಹಳೆಯ ತಂತಿಯನ್ನೂ ಬದಲಿಸಬೇಕೇ?

ಬಗ್ಗಿಸಿದಾಗ ಹೊದಿಕೆ ಬಿರುಕು ಬಿಟ್ಟರೆ ಖಂಡಿತ. ಹಳೆಯ ಪಿವಿಸಿ ಹೊದಿಕೆ ವರ್ಷಗಳಲ್ಲಿ ಪೆಡಸಾಗುತ್ತದೆ, ಬೆಂಕಿ ತಗಲಿದರೆ ವಿಷದ ಹೊಗೆ. ಅದರ ಬದಲು ಟೆಫ್‌ಜೆಲ್ ಹೊದಿಕೆಯ 22 ಗೇಜಿನ ವಿಮಾನದ ತಂತಿ ಹಾಕಿ, ಇದಕ್ಕೆ 5 ಆಂಪಿನ ಬ್ರೇಕರ್ ಮೀರಬಾರದು. ತುದಿಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ, ಕಂಪನಕ್ಕೆ ಆ ಗಟ್ಟಿ ಭಾಗದ ಅಂಚಿನಲ್ಲೇ ತುಂಡಾಗುತ್ತದೆ. ಯೋಕ್‌ನಲ್ಲಿ (ಪೈಲಟ್ ಹಿಡಿದು ವಿಮಾನ ನಡೆಸುವ ಹಿಡಿ) ಮ್ಯಾಪ್ ಲೈಟ್ ಇದ್ದರೆ ಅದರ ತಂತಿಯನ್ನು ಮೊದಲು ನೋಡಿ. ಅದು ಪ್ರತಿ ತಿರುವಿಗೂ ಬಾಗುವ ತಂತಿ.

ಇದನ್ನೆಲ್ಲ ನಾನೇ ಮಾಡಬಹುದೇ?

ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪೈಲಟ್ ತಾನೇ ಮಾಡಬಹುದಾದ ಕೆಲಸಗಳ ಪಟ್ಟಿ ನಿಯಮಾವಳಿಯ ಭಾಗ 43ರ ಅನುಬಂಧ ಎ ಯಲ್ಲಿದೆ. ಪೊಸಿಷನ್ (ರೆಕ್ಕೆ, ಬಾಲದ ತುದಿಯ) ಮತ್ತು ಲ್ಯಾಂಡಿಂಗ್ ಲೈಟ್ ಬಲ್ಬುಗಳ ಹೆಸರು ಅಲ್ಲಿದೆ, ಪ್ಯಾನೆಲ್ ದೀಪದ್ದಿಲ್ಲ. ಆದ್ದರಿಂದ ಬಲ್ಬಿಗೂ ಮುಂಚಿತವಾಗಿ ಮೆಕ್ಯಾನಿಕ್ ಜೊತೆ ಮಾತಾಡಿ. ಡಿಮ್ಮರ್, ವೈರಿಂಗ್, ಎಲ್‌ಇಡಿ ಬದಲಾವಣೆಗೆ ಅವರ ಸಹಿ, ಅನುಮೋದಿತ ಭಾಗದ ದಾಖಲೆ, ಲಾಗ್‌ಬುಕ್ಕಿನಲ್ಲಿ ನಮೂದು ಬೇಕು.

ಮುಗಿದ ಮೇಲೆ ಪರೀಕ್ಷೆ ಹೇಗೆ?

ಮೊದಲು ಯೋಕ್ ಮತ್ತು ಪೆಡಲ್‌ಗಳನ್ನು ಎಲ್ಲ ಮೂಲೆಗೂ ಕೊನೆತನಕ ಆಡಿಸುತ್ತ ಟಾರ್ಚ್ ಹಿಡಿದು ಪ್ಯಾನೆಲ್ ಹಿಂದೆ ನೋಡಿ. ಹೊಸ ತಂತಿ ಕಂಟ್ರೋಲ್ ಕಾಲಮ್ಮಿಗೆ, ಸರಪಳಿಗೆ, ಕೇಬಲಿಗೆ ಎಲ್ಲೂ ತಾಗಬಾರದು. ಬಿಚ್ಚಿದ ಸ್ಕ್ರೂಗಳ ಲೆಕ್ಕ ಸರಿಹೋಗಲಿ.

ಉಳಿದದ್ದು ಕತ್ತಲಲ್ಲಿ. ಹ್ಯಾಂಗರಿನ ದೀಪ ಆರಿಸಿ, ಪೈಲಟ್ ಸೀಟನ್ನು ಹಾರುವಾಗಿನ ಎತ್ತರಕ್ಕೇ ಇಟ್ಟು ಅರ್ಧ ಗಂಟೆ ಕೂತುಕೊಳ್ಳಿ, ಮೊಬೈಲ್ ಹೊರಗಿರಲಿ. ಆಮೇಲೆ ಗುಬ್ಬಿಯನ್ನು ಕೆಳಗಿನಿಂದ ಏರಿಸುತ್ತ ಯಾವ ಮೀಟರ್ ಕೊನೆಗೆ ಓದಲು ಸಿಗುತ್ತದೆ, ಯಾವ ದೀಪ ನೇರ ಕಣ್ಣಿಗೆ ಹೊಡೆಯುತ್ತದೆ, ಗಾಜಿನಲ್ಲಿ ಯಾವುದರ ಪ್ರತಿಬಿಂಬ ತೇಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹೆಚ್ಚಿನ ದೂರುಗಳು ಪೋಸ್ಟ್ ಲೈಟಿನ ಟೋಪಿಯನ್ನು ಒಂದಿಷ್ಟು ತಿರುಗಿಸಿದರೆ ತೀರುತ್ತವೆ. ಕೊನೆಗೆ ಎಂಜಿನ್ ಓಡಿಸಿ, ನಿಧಾನ ವೇಗದಲ್ಲೂ ಹೆಚ್ಚಿನ ಆರ್‌ಪಿಎಂನಲ್ಲೂ ಒಮ್ಮೆ ನೋಡಿ. ಕಂಪನಕ್ಕೆ ಮಿಟುಕುವ ದೀಪವಿದ್ದರೆ ಅದರ ಹೋಲ್ಡರನ್ನು ಮತ್ತೆ ಬಿಚ್ಚಬೇಕು.